ಪಿಟೀಲು ಬಿಟ್ಟುಹೋದ ಜಾಗ

ಫೆಬ್ರವರಿ ೩

ಕಡ್ಡೀ,

ನಿನ್ನ ವಿಳಾಸ ಚಿಕ್ಕಮ್ಮನಿಂದ ಸಿಕ್ಕಿತು. ಅವಳ ಮೇಲೆ ರೇಗಬೇಡ. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳೋದು ಅವಳಿಗೆ ಯಾವತ್ತು ಬಂದಿದೆ?

ನೀನು ಹೋದ ದಿನ ನಾನು ಮಾರುಕಟ್ಟೆಯಿಂದ ಬಂದಾಗ ಅಮ್ಮ ಹೊಸ್ತಿಲ ಮೇಲೆ ಕೂತಿದ್ದಳು. "ಪಿಟೀಲೂ ತಗೊಂಡು ಹೋದ್ಲು" ಅಂದಳು. ಬರೀ ಬಟ್ಟೆ ತಗೊಂಡು ಹೋಗಿದ್ದರೆ ನಾಲ್ಕು ದಿನಕ್ಕೆ ಬರ್ತೀಯ ಅಂದುಕೊಳ್ಳಬಹುದಿತ್ತು. ಆ ವಾರದ ಕಾರ್ಯಕ್ರಮ ರದ್ದು ಮಾಡಿದೆ. ಗಂಟಲು ಕೆಟ್ಟಿದೆ ಅಂತ ಸುಳ್ಳು ಹೇಳಿದೆ. ಕೇಳಿದವರೆಲ್ಲ ಜೇನುತುಪ್ಪ ಕಳಿಸಿದರು. ಈಗ ಮನೆ ತುಂಬ ಜೇನು, ನೀನೊಬ್ಬಳು ಇಲ್ಲ.

ನಾನು ಏನು ಅಂದಿದ್ದೆ? ಎರಡನೇ ಚರಣದಲ್ಲಿ ತಡವಾಗಿ ಬಂದೆ, ಎಲ್ಲಿತ್ತು ನಿನ್ನ ಜ್ಞಾನ ಅಂದೆ. ಅದನ್ನ ಇದಕ್ಕೆ ಮುಂಚೆ ಸಾವಿರ ಸಲ ಅಂದಿದೀನಿ. ಅದಕ್ಕೆ ನೀನು ಕಮಾನು ಕೆಳಗಿಟ್ಟು, "ಇಷ್ಟು ವರ್ಷ ನಿನ್ನ ನೆರಳಾಗಿ ಕೂತು ಸಾಕಾಯ್ತು" ಅಂದೆಯಲ್ಲ, ಆ ಮಾತು ನಿನ್ನ ಬಾಯಲ್ಲಿ ಎಷ್ಟು ದಿನದಿಂದ ಕೂತಿತ್ತು?

ಅಪ್ಪ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವಾಗ, ಹಾಡು ಮನುಷ್ಯ, ಪಿಟೀಲು ಅವನ ನೆರಳು ಅಂತಿದ್ದರು. ನೆರಳು ಅಂದರೆ ಕೀಳು ಅಂತ ಅಪ್ಪ ಯಾವತ್ತೂ ಹೇಳಲಿಲ್ಲ. ನೆರಳಿಲ್ಲದೆ ಓಡಾಡೋದು ದೆವ್ವ ಮಾತ್ರ ಅಂತ ಹೇಳ್ತಿದ್ದರು.

ಅಮ್ಮ ಕೇಳ್ತಾಳೆ, ಚಳಿಗೆ ಹೊದಿಕೆ ಇದೆಯಾ ಅಂತ. ನಾನು ಏನೂ ಕೇಳೋದಿಲ್ಲ.

ನಿನ್ನ ಅಕ್ಕ

*

ಫೆಬ್ರವರಿ ೧೯

ಅಕ್ಕಾ,

ಹೊದಿಕೆ ಇದೆ ಅಂತ ಅಮ್ಮನಿಗೆ ಹೇಳು. ಬೇಕಾದಷ್ಟಿದೆ. ನಾನು ಕೆಲಸಕ್ಕೆ ಸೇರಿರೋದೇ ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ದಿನವಿಡೀ ಚಾದರ ಮಡಚೋದು. ಒಬ್ಬಳ ಕೈಲಿ ಆಗೋ ಕೆಲಸ ಅಲ್ಲ ಅದು. ನಾನೊಂದು ತುದಿ, ಇನ್ನೊಬ್ಬಳೊಂದು ತುದಿ. ಝಾಡಿಸಿ, ಎಳೆದು, ಹತ್ತಿರ ಬಂದು, ಮೂಲೆಗೆ ಮೂಲೆ ಸೇರಿಸಿ ಮತ್ತೆ ದೂರ ಹೋಗಬೇಕು. ನನ್ನ ಜೊತೆಯವಳು ಬಾಯಿಬಡುಕಿ. ನಾನು ತುಟಿ ಬಿಚ್ಚದಿದ್ದರೂ ಅವಳಿಗೆ ನಡೆಯುತ್ತೆ. ನನಗೆ ಅದೇ ಬೇಕಿತ್ತು.

ಪಿಟೀಲು ಮಂಚದ ಕೆಳಗಿದೆ.

ಆ ಮಾತು ಎಷ್ಟು ದಿನದಿಂದ ಬಾಯಲ್ಲಿತ್ತು ಅಂತ ಕೇಳಿದೀಯ. ಅದಕ್ಕೆ ಉತ್ತರ ಬರೆಯೋಕಾಗಲ್ಲ.

ನಿನ್ನ ಲಕೋಟೆಗೆ ಎರಡು ಸಲ ಅಂಟು ಹಚ್ಚಿದ ಹಾಗಿತ್ತು. ನೀನೇ ಬಿಡಿಸಿ ಮತ್ತೆ ಅಂಟಿಸಿದೆ ಅಂತ ಅಂದುಕೊಂಡಿದೀನಿ. ಅಲ್ಲದಿದ್ದರೆ ಬರೆಯಬೇಡ, ಸುಮ್ಮನೆ ತಿಳಿದುಕೋ. ಮನೆ ಸುದ್ದಿ, ಅಮ್ಮನ ಮಂಡಿನೋವು, ಇಷ್ಟು ಬರೆದರೆ ಸಾಕು ನನಗೆ.

ಇಂತಿ,
ಕಡ್ಡಿ

*

ಮಾರ್ಚ್ ೮

ಕಡ್ಡೀ,

ಅಂಟಂತೆ! ನಾನು ಹಚ್ಚಿದ್ದು ಒಂದೇ ಸಲ. ಅಕ್ಕ ಕರುಳು ಹಿಂಡಿ ಬರೆದರೆ ತಂಗಿ ಲಕೋಟೆ ನೋಡ್ತಾಳೆ.

ಸುದ್ದಿ ತಾನೇ ಬೇಕು? ತಗೋ. ನಿನ್ನ ಜಾಗಕ್ಕೆ ಒಬ್ಬರು ಬಂದಿದ್ದಾರೆ. ಐವತ್ತು ದಾಟಿದ ಮನುಷ್ಯ. ಬಾಟಲಿಯ ತಳದಂಥ ಕನ್ನಡಕ, ಅಮ್ಮ ಅವರನ್ನ ಕರೆಯೋದೇ ಕನ್ನಡಕ ಅಂತ. ತಾವಾಗಿಯೇ ಬಂದು ಬಾಗಿಲು ತಟ್ಟಿದರು, "ನಿಮ್ಮ ಪಿಟೀಲಿನವರು ಬಿಟ್ಟರಂತಲ್ಲ ಮೇಡಂ" ಅಂತ. ಒಂದು ಹಾಡು ನುಡಿಸಿ ತೋರಿಸಿ ಅಂದೆ. ನುಡಿಸಿದರು. ನನಗೆ ಕೂತಲ್ಲಿಂದ ಏಳೋಕಾಗಲಿಲ್ಲ. ನಾನು ಉಸಿರು ತಗೊಳ್ಳೋ ಮುಂಚೆ ಅವರಿಗೆ ಗೊತ್ತಿರುತ್ತೆ ಮುಂದಿನ ಸಾಲು ಎಲ್ಲಿಂದ ಅಂತ. ಅಭ್ಯಾಸ ಇಲ್ಲದ ದಿನವೂ ಬಂದು ಕೂತಿರ್ತಾರೆ. ಬಂದವರ ಜೊತೆ ಹರಟ್ತಾರೆ, ಅಮ್ಮನಿಗೆ ಔಷಧಿ ತಂದುಕೊಡ್ತಾರೆ. ನೆರಳು ಅಂದರೆ ಅದಪ್ಪಾ.

ಆಮೇಲೆ ಆ ಹಾಡು. ಹೊತ್ತು ಮುಳುಗುವಾಗ ತಾಯಿ ಬೀದಿಯಲ್ಲಿ ಆಡೋ ಮಕ್ಕಳನ್ನ ಒಳಗೆ ಕರೆಯೋ ಹಾಡು ಕಟ್ಟಿದ್ದೆನಲ್ಲ, ಒಂದು ಮಗು ಮಾತ್ರ ಓಗೊಡೋದಿಲ್ಲ ಅಂತ. ನೀನಿದ್ದಾಗಲೇ ಜನ ಅದಕ್ಕೆ ಎದ್ದು ನಿಲ್ಲೋಕೆ ಶುರು ಮಾಡಿದ್ದರು. ಈಗ ಸಭಾಂಗಣಕ್ಕೆ ಸಭಾಂಗಣವೇ ನಿಲ್ಲುತ್ತೆ. ಚಪ್ಪಾಳೆಯಿಲ್ಲ, ಸದ್ದಿಲ್ಲ. ನಾನು ಬರೆದದ್ದು ನಮ್ಮಮ್ಮ ನಮ್ಮನ್ನ ಕರೀತಿದ್ದದ್ದನ್ನ ನೆನೆಸಿಕೊಂಡು. ಸರ್ಕಾರದವರು ಮನೆಯಿಂದ ಎತ್ತಿಕೊಂಡು ಹೋಗಿ ವಾಪಸ್ ಕಳಿಸದ ಹುಡುಗರನ್ನ ಜನ ಅದರಲ್ಲಿ ಕೇಳಿಸಿಕೊಂಡರೆ ನಾನೇನು ಮಾಡಲಿ? ಬೇಡ ಅನ್ನಲಾ?

ನಿನ್ನ ಅಕ್ಕ

*

ಮಾರ್ಚ್ ೨೧

ಅಕ್ಕಾ,

ನೀನು ಬೈತೀಯ ಅಂತ ಗೊತ್ತಿದ್ದೂ ಬರೀತಿದೀನಿ.

ಕನ್ನಡಕದವರು ಇದಕ್ಕೆ ಮುಂಚೆ ಯಾರಿಗೆ ನುಡಿಸ್ತಿದ್ದರು? ನಾನು ಬಿಟ್ಟ ವಿಷಯ ಅವರಿಗೆ ಯಾರು ಹೇಳಿದರು? ಅಷ್ಟು ಚೆನ್ನಾಗಿ ನುಡಿಸೋರು ಈ ಊರಲ್ಲಿ ಇಷ್ಟು ದಿನ ನಮ್ಮ ಕಿವಿಗೆ ಬೀಳದೆ ಹೇಗಿದ್ದರು?

ಪಕ್ಕದಲ್ಲಿ ಕೂತು ನುಡಿಸೋದು ನಂಗೊತ್ತಿರೋ ಒಂದೇ ವಿದ್ಯೆ. ಅದರ ಬಗ್ಗೆ ಒಂದು ಮಾತು ಹೇಳ್ತೀನಿ, ಸಂಗೀತದ ಮಾತು ಅಂತಲೇ ತಗೋ. ಹಾಡುವವರು ಮೊದಲು, ಪಿಟೀಲು ಒಂದು ಕೂದಲೆಳೆ ಹಿಂದೆ. ಹಾಡು ನಿಂತ ಮೇಲೂ ಆ ಕೊನೆಯ ಸ್ವರವನ್ನ ಒಂದಿಷ್ಟು ಹೊತ್ತು ಹಿಡಿದು, ಆಮೇಲೆ ಬಿಡಬೇಕು. ಪಿಟೀಲಿನವರ ಕಿವಿಗೆ ಕೆಲಸ ಇರೋದು ಅಷ್ಟು ಹೊತ್ತು ಮಾತ್ರ. ನೀನು ಹಾಡದೇ ಇರುವಾಗಲೂ ಕಿವಿ ಕೊಟ್ಟು ಕೂತಿರೋರು ಪಿಟೀಲಿಗೆ ಬಂದವರಲ್ಲ.

ಹೊಸದು ಏನಾದರೂ ಕಟ್ಟಿದರೆ ವೇದಿಕೆಗೆ ಹೋಗೋವರೆಗೂ ನಿನ್ನೊಳಗೇ ಇಟ್ಟುಕೋ.

ನಿನ್ನ
ಕಡ್ಡಿ

*

ಏಪ್ರಿಲ್ ೨

ಬಿಟ್ಟುಹೋದವಳಿಗೆ,

ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು. ನೀನು ಖಾಲಿ ಮಾಡಿದ ಕುರ್ಚಿಯಲ್ಲಿ ಒಬ್ಬರು ಕೂತರೆ ಅವರು ಕಳ್ಳರಾ? ತಾನೂ ತಿನ್ನೋದಿಲ್ಲ, ಪರರಿಗೂ ಬಿಡೋದಿಲ್ಲ ಅನ್ನೋ ಬುದ್ಧಿ ನಿನಗೆ ಎಲ್ಲಿಂದ ಬಂತು?

ಆ ಮನುಷ್ಯನ ಹೆಂಡತಿ ಸತ್ತು ಹೋಗಿದಾಳೆ. ಮಗಳು-ಅಳಿಯನ ಮನೆಯಲ್ಲಿ ಒಂದು ಮೂಲೆ ಹಿಡಕೊಂಡು ಇದಾರೆ. ನಮ್ಮಮ್ಮ ಒಂದು ಲೋಟ ಚಹಾ ಕೊಟ್ಟರೆ ಎರಡೂ ಕೈಲಿ ತಗೋತಾರೆ. ನಿನ್ನ ಕಾಗದ ಓದಿ ಅವರ ಮುಖ ನೋಡೋಕೆ ನನಗೇ ನಾಚಿಕೆ ಆಯಿತು.

ಇನ್ನು ಬರೆಯಬೇಡ. ಬರೆದರೂ ನಾನು ಒಡೆಯೋದಿಲ್ಲ.

ಅಕ್ಕ

*

ಮೇ ೧೭

ಮಗಳೇ,

ನಾನು ಕಾಗದ ಬರೆದು ಯಾವ ಕಾಲವಾಯಿತೋ. ಅಕ್ಷರ ಸೊಟ್ಟ ಇದ್ದರೆ ಕೈಯದು ತಪ್ಪು, ನನ್ನದಲ್ಲ.

ಅಕ್ಕ ನಿನ್ನ ಕಾಗದ ಹರಿದು ಹಾಕಿದಳು. ಮಾರನೇ ದಿನ ಕಸದಬುಟ್ಟಿ ಮುಂದೆ ಕೂತು ಚೂರುಗಳನ್ನ ಆರಿಸ್ತಾ ಇದ್ದಳು. ನಾನು ನೋಡದವಳ ಹಾಗೆ ಒಳಗೆ ಹೋದೆ. ಇಬ್ಬರು ಹೆಣ್ಣುಮಕ್ಕಳನ್ನ ಹೆತ್ತವಳಿಗೆ ಇಷ್ಟಾದರೂ ಬರಬೇಕು.

ಅವಳು ಸರಿಯಾಗಿ ಊಟ ಮಾಡ್ತಿಲ್ಲ. ಮನೆ ಎದುರಿನ ಗೋಡೆಗೆ ಒರಗಿಕೊಂಡು ಒಬ್ಬ ದಿನಾ ನಿಲ್ತಾನೆ. ಒಂದು ದಿನ ಹೋಗಿ ಕೇಳಿದೆ, ಯಾರಪ್ಪ ನೀನು ಅಂತ. ಬಸ್ಸಿಗೆ ಕಾಯ್ತಿದೀನಿ ಅಂದ. ಈ ಬೀದಿಗೆ ಬಸ್ಸೇ ಬರಲ್ಲವಲ್ಲಪ್ಪಾ ಅಂದೆ. ಬಂದಾಗ ಹತ್ತುತ್ತೀನಿ ಅಂದ. ಹೀಗೆ ಮುಖಕ್ಕೆ ಹೊಡೆದ ಹಾಗೆ ಸುಳ್ಳು ಹೇಳ್ತಾನೆ ಅಂದರೆ ಅವನು ನಮ್ಮ ಕಣ್ಣಿಗೆ ಬೀಳಲಿ ಅಂತಲೇ ನಿಲ್ಲಿಸಿರಬೇಕು. ಕದ್ದು ನೋಡೋಕೆ ಬೇರೆಯವರು ಇರಬೇಕು. ನಾನು ಹೆಚ್ಚು ಓದಿದವಳಲ್ಲ, ಆದರೆ ಬೆಕ್ಕು ಸಾಕಿದವಳು, ಹೊಂಚು ಹಾಕೋದು ಹೇಗಿರುತ್ತೆ ಅಂತ ಗೊತ್ತು.

ಮೈ ಜೋಪಾನ. ನೀನು ಯಾಕೆ ಹೋದೆ ಅಂತ ನಾನು ಕೇಳೋದಿಲ್ಲ. ಏನೋ ಇಲ್ಲದೆ ನೀನು ಹೋಗುವವಳಲ್ಲ.

ಅಮ್ಮ

*

ಜೂನ್ ೧೦

ಕಡ್ಡೀ,

ಈ ಕಾಗದವನ್ನ ನಿನಗಿಂತ ಮುಂಚೆ ಇನ್ನೊಬ್ಬರು ಓದ್ತಾರೆ ಅಂತ ಈಗ ನನಗೂ ಗೊತ್ತು. ಓದಲಿ. ನನ್ನ ಅಕ್ಷರ ಚೆನ್ನಾಗಿದೆ.

ಆ ಹಾಡಿಗೆ ಒಂದು ಹೊಸ ಚರಣ ಬರೆದೆ. ತಾಯಿ ಬೀದಿಗಿಳಿದು, ಮನೆಮನೆಯ ಬಾಗಿಲು ತಟ್ಟಿ, ನನ್ನ ಮಗುವನ್ನ ಕಂಡಿರಾ ಅಂತ ಕೇಳೋದು. ಒಂದೇ ಸಲ ಹಾಡಿದ್ದು, ನಮ್ಮ ಮುಂದಿನ ಕೋಣೆಯಲ್ಲಿ. ಕೇಳಿದ್ದು ಅಮ್ಮ ಮತ್ತು ಕನ್ನಡಕ. ನಾಲ್ಕು ದಿನಕ್ಕೆ ಸಭಾಂಗಣದ ವ್ಯವಸ್ಥಾಪಕರು ಮನೆಗೆ ಬಂದರು. ಕೂರಲಿಲ್ಲ, ನೀರೂ ಕುಡಿಯಲಿಲ್ಲ. "ಹಾಡಿ, ಬೇಡ ಅನ್ನಲ್ಲ. ಆದರೆ ಆ ಬಾಗಿಲು ತಟ್ಟೋ ಚರಣ ಬಿಟ್ಟುಬಿಡಿ" ಅಂದರು. ಯಾವ ಚರಣ ಸ್ವಾಮಿ, ನಾನಿನ್ನೂ ಅದನ್ನ ಎಲ್ಲೂ ಹಾಡಿಲ್ಲವಲ್ಲ ಅಂದೆ. ಅವರು ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು ಹೋದರು.

ಮಾರನೇ ದಿನ ಕನ್ನಡಕ ಬಂದರು. ಪಿಟೀಲು ಶ್ರುತಿ ಮಾಡ್ತಾ ಇದ್ದರು. ನಾನು ಎದುರಿಗೆ ನಿಂತು, "ನೀವೇನಾ?" ಅಂದೆ. ಏನು ಅಂತ ಕೇಳಲಿಲ್ಲ ಅವರು. ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಅದಿಲ್ಲದೆ ಆ ಕಣ್ಣು ಎಷ್ಟು ಸಣ್ಣದು ಗೊತ್ತಾ?

"ನುಡಿಸಿದ್ದರಲ್ಲಿ ಒಂದು ಸ್ವರವೂ ಸುಳ್ಳಲ್ಲ ಮೇಡಂ" ಅಂದರು.

"ಮಿಕ್ಕದ್ದು?"

"ಮಿಕ್ಕದ್ದೂ ಸುಳ್ಳಲ್ಲ. ಇದ್ದದ್ದನ್ನೇ ಹೇಳಿದೀನಿ. ಯಾರು ಬಂದರು, ಎಷ್ಟು ಹೊತ್ತು ಕೂತರು. ನನ್ನ ಬಗ್ಗೆಯೂ ಯಾರೋ ಹೇಳ್ತಾರೆ. ನನ್ನ ಅಳಿಯನೇ ಇರಬೇಕು. ಅವನಿಗೆ ಅನ್ನ ಹಾಕೋಳು ನನ್ನ ಮಗಳು."

ನನಗೆ ಅವರನ್ನ ಹೊಡೆಯಬೇಕು ಅನ್ನಿಸಿತು. ಅಮ್ಮ ಒಳಗಿನಿಂದ ಚಹಾ ತಂದಳು, ಎಂದಿನ ಹಾಗೆ. ಅವರು ಎರಡೂ ಕೈಲಿ ತಗೊಂಡರು, ಕುಡಿಯೋಕೆ ಆಗಲಿಲ್ಲ. ಲೋಟ ಕೆಳಗಿಟ್ಟು ಹೊರಟುಹೋದರು.

ಅವರು ಹೋದ ಮೇಲೆ ನಿನ್ನ ಕಾಗದದ ಚೂರುಗಳನ್ನ ಮತ್ತೆ ಜೋಡಿಸಿ ಓದಿದೆ. ನಿನಗೆ ಅದು ಅಲ್ಲಿ ಕೂತು ಹೇಗೆ ಗೊತ್ತಾಯಿತು? ಅವರಿಗಿಂತ ಮುಂಚೆ ಆ ಜಾಗದಲ್ಲಿ ಕೂರ್ತಿದ್ದವಳು ನೀನು. ಅವರನ್ನ ಕೇಳೋ ಮುಂಚೆ ನಿನ್ನನ್ನ ಕೇಳಿದ್ದರಾ?

ಅಕ್ಕ

*

ಜೂನ್ ೨೬

ಅಕ್ಕಾ,

ಇದನ್ನ ಬಾಯಿಬಡುಕಿಯ ತಮ್ಮ ನಿನ್ನ ಕೈಗೇ ಕೊಡ್ತಾನೆ. ಓದಿ ಒಲೆಗೆ ಹಾಕು.

ಹೌದು, ಕೇಳಿದ್ದರು.

ಜನವರಿಯಲ್ಲಿ ತಂತಿ ತರೋಕೆ ಪೇಟೆಗೆ ಹೋಗಿದ್ದೆನಲ್ಲ, ಅಂಗಡಿಯಿಂದಲೇ ಸರ್ಕಾರದವರು ತಮ್ಮ ಆಫೀಸಿಗೆ ಕರೆದುಕೊಂಡು ಹೋದರು. ಆಫೀಸು ಅಂದರೆ ಏನೇನೋ ಅಂದುಕೊಂಡಿದ್ದೆ. ಕಿಟಕಿಗೆ ಹೂವಿನ ಪರದೆ, ಮೇಜಿನ ಮೇಲೆ ಸುಲಿದ ಕಿತ್ತಳೆ. ಅಲ್ಲಿದ್ದವರು ನನ್ನನ್ನ ತಂಗೀ ಅಂತಲೇ ಕರೆದರು. ನಿಮ್ಮಕ್ಕನ ಹಾಡು ನಮ್ಮ ಮನೆಯವರಿಗೆ ಪ್ರಾಣ ಅಂದರು. "ಹೊರಗಿನಿಂದ ನೋಡುವವರು ತಪ್ಪು ತಿಳಿದುಕೊಂಡು ತಪ್ಪಾಗಿ ಬರೆದುಬಿಡ್ತಾರೆ. ಅದರಿಂದ ಅಕ್ಕನಿಗೇ ತೊಂದರೆ. ನೀವಾದರೆ ಅವರ ನೆರಳಿದ್ದ ಹಾಗೆ. ಇದ್ದದ್ದನ್ನ ಇದ್ದ ಹಾಗೆ ಹೇಳ್ತೀರಿ. ಇದರಿಂದ ಅವರಿಗೆ ರಕ್ಷಣೆ" ಅಂದರು. ಎಂಥ ಮಾತು ನೋಡು. ಕೇಳುವಾಗ ನಿಜ ಅನ್ನಿಸಿಬಿಡುತ್ತೆ. ಯೋಚನೆ ಮಾಡಿ ಹೇಳ್ತೀನಿ ಅಂದು ಬಂದೆ.

ಮನೆಗೆ ಬಂದಾಗ ಅಭ್ಯಾಸಕ್ಕೆ ಜನ ಕೂತಿದ್ದರು. ಆ ಎತ್ತರದ ಮೇಷ್ಟರು, ಅವರ ಜೊತೆ ಹೊಸ ಮುಖ ಒಂದು. ನೀನು ಶುರು ಮಾಡಿದೆ, ನಾನೂ ನುಡಿಸಿದೆ. ಎರಡನೇ ಚರಣಕ್ಕೆ ಬರುವಾಗ ನನಗೆ ತಟ್ಟನೆ ಗೊತ್ತಾಯಿತು, ನಾನು ಹಾಡು ಕೇಳ್ತಾನೇ ಇಲ್ಲ. ಆ ಹೊಸಬನ ಅಂಗಿ ಯಾವ ಬಣ್ಣ, ಮೇಷ್ಟರ ಕಿವಿಯಲ್ಲಿ ಏನು ಪಿಸುಗುಟ್ಟಿದ, ಇದನ್ನೆಲ್ಲ ನೆನಪಿಟ್ಟುಕೊಳ್ತಾ ಇದೀನಿ. ನಾನಿನ್ನೂ ಒಪ್ಪಿರಲೇ ಇಲ್ಲ ಅಕ್ಕಾ. ಆದರೂ ಕಣ್ಣು ಆಗಲೇ ಅವರ ಕೆಲಸಕ್ಕೆ ಸೇರಿಬಿಟ್ಟಿತ್ತು. ಅದಕ್ಕೇ ಅವತ್ತು ತಡವಾಗಿ ಬಂದದ್ದು.

ನಿನಗೆ ಹೇಳಿದ್ದರೆ ನೀನು ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಆ ಆಫೀಸಿಗೇ ಹೋಗ್ತಿದ್ದೆ. ಹಾಗೆ ಹೋದವರು ಎಷ್ಟೋ ಜನ ವಾಪಸ್ ಬಂದಿಲ್ಲ. ಇಲ್ಲ ಅಂದಿದ್ದರೆ ನನ್ನನ್ನ ಬಿಡ್ತಿರಲಿಲ್ಲ. ಹೂಂ ಅನ್ನೋಕೆ ಆಗ್ತಿರಲಿಲ್ಲ. ನೀನು ಏನು ಮಾಡ್ತೀಯ ಅನ್ನೋದೇ ನನಗೆ ಗೊತ್ತಿಲ್ಲದಿದ್ದರೆ ನನ್ನಿಂದ ಏನು ಕಿತ್ತುಕೊಳ್ತಾರೆ? ಅದಕ್ಕೇ ಜಗಳ ಬೇಕಿತ್ತು. ಊರಿಗೆಲ್ಲ ಕೇಳಿಸೋ ಹಾಗೆ ಕೂಗಬೇಕಿತ್ತು. ನಿನ್ನ ಬೈಗುಳ ಸರಿಯಾದ ಹೊತ್ತಿಗೆ ಬಂತು.

ನೆರಳಾಗಿ ಸಾಕಾಯ್ತು ಅಂದದ್ದು ಸುಳ್ಳು. ಬಾಯಿಗೆ ಬಂದದ್ದರಲ್ಲಿ ನಿನಗೆ ಹೆಚ್ಚು ನೋವಾಗೋದು ಯಾವುದು ಅಂತ ಹುಡುಕಿ ಅಂದೆ.

ಇಲ್ಲಿನ ಹೆಂಗಸರಿಗೆ ನಿನ್ನ ಹಾಡು ಗೊತ್ತು. ಹೇಗೆ ಬಂತೋ, ನಾನು ಕಲಿಸಿದ್ದಲ್ಲ. ಚಾದರ ಮಡಚುವಾಗ ಹಾಡ್ತಾರೆ. ಯಾರದು ಅಂತ ನಾನು ಹೇಳಿಲ್ಲ.

ಕಡ್ಡಿ

*

ಆಗಸ್ಟ್ ೫

ಕಡ್ಡೀ,

ಹಾಡಿದೆ. ಪಿಟೀಲಿಲ್ಲದೆ ಹಾಡಿದೆ.

ಎಡಗಡೆ ಕುರ್ಚಿ ಹಾಕಿಸಿ ಖಾಲಿ ಬಿಟ್ಟಿದ್ದೆ. ಮೊದಲ ಎರಡು ಹಾಡು ಹಾಳಾದವು. ಸಾಲು ಮುಗಿಸಿ ನಿಲ್ಲಿಸಿದರೆ ಹಿಂದಿನಿಂದ ಏನೂ ಬರಲ್ಲ. ಮೆಟ್ಟಿಲು ಇದೆ ಅಂತ ಕಾಲಿಟ್ಟರೆ ನೆಲ ಸಿಕ್ಕಿದ ಹಾಗೆ. ಆಮೇಲೆ ಆ ಹಾಡು ತೆಗೆದೆ. ಎಲ್ಲರೂ ನಿಂತರು. ಹೊಸ ಚರಣ ಹಾಡಬಾರದು ಅಂತ ವ್ಯವಸ್ಥಾಪಕರು ಕೈ ಮುಗಿದು ಕೇಳಿಕೊಂಡಿದ್ದರು. ಅವರಿಗೂ ಮನೆ ಇದೆ, ಮಕ್ಕಳಿದಾರೆ. ಬಿಡೋಣ ಅಂತಲೇ ಇದ್ದೆ ಕಣೇ. ನಿಜ ಹೇಳ್ತೀನಿ, ಬಿಡೋಣ ಅಂತಲೇ ಇದ್ದೆ. ಬಾಯಿ ಹಾಡಿಬಿಟ್ಟಿತು.

ನನ್ನ ಮಗುವನ್ನ ಕಂಡಿರಾ ಅಂತ ಸಾಲು ಮುಗಿಸಿ ಉಸಿರು ತಗೊಳ್ಳೋಕೆ ನಿಲ್ಲಿಸಿದೆ. ನೀನು ತುಂಬ್ತಿದ್ದ ಜಾಗ ಅದು. ಅಲ್ಲಿಗೆ, ಐದಾರು ಸಾಲು ಹಿಂದಿನಿಂದ, ಒಬ್ಬ ಹೆಂಗಸು ಒಂದು ಹೆಸರು ಕೂಗಿದಳು. ಮಕ್ಕಳನ್ನ ಊಟಕ್ಕೆ ಕರೀತಾರಲ್ಲ, ಆ ಥರ. ಇನ್ನೊಂದು ಮೂಲೆಯಿಂದ ಇನ್ನೊಂದು ಹೆಸರು. ಒಬ್ಬ ಮುದುಕರು ಮೂರು ಹೆಸರು ಕೂಗಿದರು. ನಾನು ಮುಂದಿನ ಸಾಲು ಹಾಡಲೇ ಇಲ್ಲ. ಹೆಸರುಗಳು ನಿಲ್ಲಲಿಲ್ಲ. ದೀಪ ಆರಿಸಿದರು, ಆಗಲೂ ನಿಲ್ಲಲಿಲ್ಲ.

ಈಗ ನನಗೆ ಯಾವ ಸಭಾಂಗಣವೂ ಇಲ್ಲ. ರೇಡಿಯೋದಲ್ಲಿ ನನ್ನ ಹಳೇ ಹಾಡುಗಳೂ ಇಲ್ಲ. ಪಕ್ಕದ ಮನೆಯವಳು ನನ್ನನ್ನ ಕಂಡರೆ ಬೀದಿಯ ಆ ಕಡೆಗೆ ದಾಟ್ತಾಳೆ, ತರಕಾರಿಯವನು ಮಾತ್ರ ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕ್ತಾನೆ. ಕನ್ನಡಕದವರು ಆಮೇಲೆ ಕಾಣಿಸಲಿಲ್ಲ. ಮಗಳ ಮನೆಯಲ್ಲೂ ಇಲ್ಲವಂತೆ. ಅಮ್ಮ ಹೋಗಿ ವಿಚಾರಿಸಿದಳು. ಅಳಿಯ ಬಾಗಿಲು ಪೂರ್ತಿ ತೆಗೆಯಲೂ ಇಲ್ಲವಂತೆ.

ಬಾಯಿಬಡುಕಿಯ ತಮ್ಮನ ಕೈಲೇ ಇದನ್ನೂ ಕಳಿಸ್ತಿದೀನಿ. ನಿನ್ನ ಕಾಗದ ಒಲೆಗೆ ಹಾಕಿದೆ. ಹಾಕೋ ಮುಂಚೆ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅವಳು ಅತ್ತಿದ್ದು ಆ ಕಿತ್ತಳೆ ಹಣ್ಣಿಗೆ. "ಸುಲಿದು ಇಟ್ಟಿದ್ರಂತೆ" ಅಂತ ಹೇಳ್ತಾ ಹೇಳ್ತಾ ಅತ್ತಳು.

ಅಕ್ಕ

*

ಸೆಪ್ಟೆಂಬರ್ ೧೪

ನನ್ನ ಕಡ್ಡೀ,

ಈ ಕಾಗದ ಅಮ್ಮನ ಕೈಲಿ ಬರ್ತಿದೆ. ಅಮ್ಮನೂ ನಿನ್ನ ಹತ್ತಿರಾನೇ ಉಳೀತಾಳೆ. ವಾಪಸ್ ಕಳಿಸಬೇಡ, ಮಂಡಿನೋವಿನ ನೆಪ ಹೇಳಿ ಹಟ ಮಾಡಿದರೂ ಕಳಿಸಬೇಡ. ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕ ಸೀಟು ಕೊಡಿಸಿದೀನಿ. ಹೊರಡುವಾಗ ನನ್ನ ಕಡೆ ನೋಡಬೇಡ ಅಂತ ಹೇಳಿದೀನಿ.

ಹೋದ ವಾರ ನನ್ನನ್ನ ಕರೆಸಿದ್ದರು. ಅದೇ ಹೂವಿನ ಪರದೆ. ನಾನು ಬೈಗುಳವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ಬೇಕಾಗಲಿಲ್ಲ. ನನ್ನ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ ಅವರು. ಕೇಳಿದ್ದೆಲ್ಲ ನಿನ್ನ ವಿಷಯ. ಬಟ್ಟೆ ಕಾರ್ಖಾನೆಯ ಹೆಂಗಸರು ಸಾಲಾಗಿ ನಿಂತು ಆ ಹಾಡು ಹೇಳ್ತಾರಂತೆ, ಆಮೇಲೆ ಒಬ್ಬೊಬ್ಬರೂ ಒಂದೊಂದು ಹೆಸರು ಕೂಗ್ತಾರಂತೆ. ಅವರನ್ನ ಹಾಗೆ ಒಟ್ಟುಗೂಡಿಸಿದವಳು ನೀನಂತೆ. ನೀನಾ ಕಡ್ಡೀ? ಹೇಳಬೇಡ. ಗೊತ್ತಾಗೋದು ಬೇಡ ನನಗೆ.

"ನೀವು ತಂಗಿಗೆ ಕಾಗದ ಬರೀತೀರಲ್ಲ, ಇನ್ನೂ ಜಾಸ್ತಿ ಬರೀರಿ" ಅಂದರು. "ಅಕ್ಕ ಕೇಳಿದರೆ ಮನಸ್ಸು ಬಿಚ್ಚಿ ಬರೀತಾಳೆ. ಬಂದದ್ದನ್ನ ನಮಗೂ ಒಂದು ಸಲ ತೋರಿಸಿ. ಅವಳಿಗೂ ಒಳ್ಳೆಯದು. ಡಿಸೆಂಬರಿನಲ್ಲಿ ದೊಡ್ಡ ಸಭಾಂಗಣ ಖಾಲಿ ಇದೆ, ನಿಮ್ಮ ಗಂಟಲು ಹಾಗೇ ಹಾಳಾಗಬಾರದು ಮೇಡಂ."

ಕೇಳ್ತಾ ಕೂತಿದ್ದ ಹಾಗೆ ನನಗೂ ಅದು ಸರಿ ಅನ್ನಿಸಿತು. ಒಂದು ಗಳಿಗೆ. ಆ ವೇದಿಕೆ, ಆ ದೀಪ ಕಣ್ಣಿಗೆ ಕಟ್ಟಿತು. ಒಂದೇ ಗಳಿಗೆ ಕಣೇ, ಆದರೆ ಅನ್ನಿಸಿದ್ದು ಸುಳ್ಳಲ್ಲ. ಕನ್ನಡಕದವರನ್ನ ಹೊಡೆಯಬೇಕು ಅಂದುಕೊಂಡ ಕೈ ಇದೇ.

ಯೋಚನೆ ಮಾಡಿ ಹೇಳ್ತೀನಿ ಅಂದು ಎದ್ದು ಬಂದೆ.

ಬರುವ ದಾರಿಯಲ್ಲಿ ಎಲ್ಲ ಲೆಕ್ಕ ಹಾಕಿದೆ. ಬರೆಯಲ್ಲ ಅಂದರೆ ಇಲ್ಲೇ ಒಳಗೆ ಹಾಕ್ತಾರೆ. ಬರೆದು, ಸುಳ್ಳುಸುಳ್ಳು ತೋರಿಸ್ತೀನಿ ಅಂದರೆ ನನ್ನ ಸುಳ್ಳು ಮೂರು ದಿನ ನಿಲ್ಲಲ್ಲ, ಅದು ನಿನಗೇ ಗೊತ್ತು. ಇನ್ನು ಉಳಿದಿರೋದು ಒಂದೇ ದಾರಿ. ನೀನು ಆಗಲೇ ನಡೆದಿರೋ ದಾರಿ. ಆದರೆ ಇಬ್ಬರೂ ಒಂದೇ ಊರಲ್ಲಿ ಸಿಕ್ಕಿಬೀಳೋದು ಬೇಡ. ಅದಕ್ಕೇ ನಾನು ಬೇರೆ ಕಡೆ ಹೋಗ್ತಿದೀನಿ. ಎಲ್ಲಿಗೆ ಅಂತ ಅಮ್ಮನಿಗೂ ಹೇಳಿಲ್ಲ. ಅವಳನ್ನ ಕೇಳಿ ಗೋಳು ಹೊಯ್ದುಕೋಬೇಡ.

ಇದೇ ಕೊನೆಯ ಕಾಗದ. ನೀನೂ ಬರೆಯಬೇಡ, ಹುಡುಕಬೇಡ, ಚಿಕ್ಕಮ್ಮನನ್ನಂತೂ ಕೇಳಲೇಬೇಡ. ನನಗೆ ನಿನ್ನ ಬಗ್ಗೆ ಏನೂ ಗೊತ್ತಿರಬಾರದು. ನಿನಗೆ ನನ್ನ ಬಗ್ಗೆ ಏನೂ ಗೊತ್ತಿರಬಾರದು. ನಮ್ಮಿಬ್ಬರಲ್ಲಿ ಯಾರನ್ನ ಆ ಆಫೀಸಿನ ಕುರ್ಚಿಯಲ್ಲಿ ಕೂರಿಸಿದರೂ ಅವಳ ಹತ್ತಿರ ಹೇಳೋಕೆ ಏನೂ ಇರಬಾರದು.

ನೀನು ಜಗಳ ಆಡಿ ಹೋದೆ. ನನಗೆ ಅಷ್ಟು ಜಾಣತನ ಇಲ್ಲ. ಐದು ತಿಂಗಳು ನಿನ್ನನ್ನ ಶಪಿಸಿದೆನಲ್ಲ, ಹಾಗೆ ನೀನು ನನ್ನನ್ನ ಶಪಿಸ್ತಾ ಕೂರೋದು ಬೇಡ. ಅದಕ್ಕೇ ಬಾಯಿಬಿಟ್ಟು ಹೇಳ್ತಿದೀನಿ, ಕೇಳಿಸಿಕೋ. ನಾನು ಸುಮ್ಮನಾಗ್ತಿರೋದು ನಿನ್ನ ಮೇಲಿನ ಕೋಪಕ್ಕಲ್ಲ. ಒಂದು ಚೂರೂ ಕೋಪ ಇಲ್ಲ ಕಡ್ಡೀ.

ಅಮ್ಮನಿಗೆ ಬಿಸಿನೀರು ಕಾಯಿಸಿಕೊಡು. ತಣ್ಣೀರು ಮುಟ್ಟೋಕೆ ಬಿಡಬೇಡ.

ಅಕ್ಕ